ಗುಂಡ್ಲುಪೇಟೆಗೆ ಟ್ರಾಮ್

“ಯಾರ್ರೀ ನನ್ ಹಲ್ಗೆ ಕಾಲು ಕುಯ್ದೋರು? ಬಾಯ್ ಬುಟ್ಟು ಏಳ್ರೀ!”

ಸುಧಾಮಣಿಯ ಗಂಟಲಿಗೆ ಚಾಮರಾಜನಗರದ ಆ ಸಮುದಾಯ ಭವನವೇ ತಿರುಗಿ ನೋಡಿತು. ಕ್ಲಬ್ಬಿನ ಅಧ್ಯಕ್ಷ ಮೃತ್ಯುಂಜಯ ಗರಗಸ ಹಿಡಿದುಕೊಂಡೇ ಮುಂದೆ ಬಂದ.

“ನಾನೇ ಕಣ್ರೀ.”

“ಒಂದ್ ಮಾತು ಕೇಳ್ದೆ ಕುಯ್ದ್ಬುಟ್ರಾ?”

“ಪಕ್ಕದ್ ಹಲ್ಗೆಗೂ ನಿಮ್ದಕ್ಕೂ ಕೂರ್ಲಿಲ್ಲ. ಫೋನ್ ಮಾಡ್ದೆ, ನೀವ್ ಎತ್ಲಿಲ್ಲ. ಇನ್ನೇನು ಜನ ಬತ್ತಾರೆ.”

“ಬಸ್ಸಲ್ಲಿ ನೇತಾಡ್ಕಂಡ್ ಬರೋಳು ಯಾವ್ ಕೈಲಿ ಎತ್ಲಿ?”

ಪುಟಾಣಿ ಟ್ರಾಮ್ ಓಡಿಸುವವರ ಕ್ಲಬ್ಬು ಅದು. ಒಬ್ಬೊಬ್ಬರೂ ಕಾಲಿರುವ ಹಲಗೆಯ ಮೇಲೆ ತಮ್ಮೂರ ಬೀದಿ ಕಟ್ಟಿ, ಹಳಿ ಹಾಕಿ, ಮೇಲೆ ಕರೆಂಟ್ ತಂತಿ ಎಳೆದು ತರಬೇಕು. ಪ್ರದರ್ಶನದ ದಿನ ಹಲಗೆಗೆ ಹಲಗೆ ಜೋಡಿಸಿದರೆ ಊರಿಂದೂರಿಗೆ ಟ್ರಾಮ್ ಓಡುತ್ತದೆ. ಎಲ್ಲರ ಹಳಿಯೂ ಒಂದೇ ಎತ್ತರದಲ್ಲಿರಬೇಕು. ಕ್ಲಬ್ಬು ಹೇಳಿದ ಎತ್ತರ ನೆಲದಿಂದ ಹಳಿಯ ನೆತ್ತಿಗೆ. ಹಿಂದಿನ ದಿನವೇ ತಂದಿಟ್ಟಿದ್ದ ತನ್ನ ಹಲಗೆಗೆ ಸುಧಾಮಣಿ ಆ ಎತ್ತರ ಹಿಡಿದದ್ದು ಹಲಗೆಯ ನೆತ್ತಿಗೆ. ಹಳಿಯ ದಪ್ಪದಷ್ಟು ಹೆಚ್ಚಾಗಿತ್ತು. ತಪ್ಪು ಅವಳದೇ. ಮೃತ್ಯುಂಜಯ ಅದನ್ನು ಆಡಲಿಲ್ಲ.

“ಇವತ್ತೊಂದ್ ಮುಗೀಲಿ. ನನ್ ಹಲ್ಗೆ ಎತ್ಕಂಡು ಗುಂಡ್ಲುಪೇಟೆಗೆ ಓಯ್ತೀನಿ. ನಿಮ್ ಕ್ಲಬ್ಬಿಗೆ ದೊಡ್ ನಮಸ್ಕಾರ.”

ಮೃತ್ಯುಂಜಯ ಗರಗಸ ಹಿಡಿದುಕೊಂಡು ಅಲ್ಲೇ ನಿಂತ. ಹೆಂಡತಿ ತೀರಿಹೋದ ಮೇಲೆ ಅವನ ಮನೆಯಲ್ಲಿ ಸದ್ದೇ ಇರಲಿಲ್ಲ. ಎಲೆಕ್ಟ್ರಿಕಲ್ ಅಂಗಡಿಗೆ ಬರುವವರೆಲ್ಲ ಸಾರ್ ಎನ್ನುತ್ತಿದ್ದರು. ಗುಂಡ್ಲುಪೇಟೆಯ ಹೊಲಿಗೆ ಅಂಗಡಿಯ ಈ ಹೆಂಗಸು ಮಾತ್ರ, ಕ್ಲಬ್ಬಿಗೆ ಬಂದಾಗಲೆಲ್ಲ, ಅಂಗಿ ಗುಂಡಿ ಕಿತ್ತುಹೋದರೂ ಬಯ್ಯುತ್ತಿದ್ದಳು, ಊಟ ಬಿಟ್ಟರೂ ಬಯ್ಯುತ್ತಿದ್ದಳು. ಬೈಸಿಕೊಂಡ ದಿನ ಅವನಿಗೆ ಅನ್ನ ರುಚಿಸುತ್ತಿತ್ತು.

ಜನ ತುಂಬಿದರು. ಮೃತ್ಯುಂಜಯ ಸ್ವಿಚ್ ತಿರುಗಿಸಿದ. ಚಾಮರಾಜನಗರದ ಸ್ಟೇಷನ್ ಮುಂದಿಂದ ಹೊರಟ ಹಳದಿ ಟ್ರಾಮ್ ಹಲಗೆಗಳನ್ನು ದಾಟುತ್ತಾ, ರೈಲನ್ನೇ ಕಾಣದ ಗುಂಡ್ಲುಪೇಟೆಯ ಕಡೆ ಬಂತು. ಕಾಲು ಕುಯ್ದ ಹಲಗೆಯ ಅಂಚಿಗೆ ಸುಧಾಮಣಿ ಬಗ್ಗಿ ಕಣ್ಣಿಟ್ಟಳು. ಟ್ರಾಮ್ ಬೆಣ್ಣೆಯ ಮೇಲೆ ಜಾರಿದ ಹಾಗೆ ದಾಟಿತು.

“ಅಯ್ಯೋ, ನಮ್ ಗುಂಡ್ಲುಪೇಟೆ ಹಂಗಳದ್ ರೋಡು ಕಣಮ್ಮಿ!” ಎಂದು ಯಾವಳೋ ಮುದುಕಿ ಮೊಮ್ಮಗಳನ್ನು ತಿವಿದಳು.

ಸುಧಾಮಣಿ ತಲೆಯೆತ್ತಿದಳು. ಅವನು ಟ್ರಾಮನ್ನಲ್ಲ, ಅವಳನ್ನೇ ನೋಡುತ್ತಿದ್ದ.

“ಕುಲುಕ್ಲಿಲ್ಲ,” ಎಂದಳು ಮೆಲ್ಲಗೆ.

“ಕುಯ್ದಿದ್ಕೆ.”

“ಬಾಯ್ ಮುಚ್ಕಳಿ.” ಅಂದಳೇ ಹೊರತು ತುಟಿಯ ಅಂಚು ಅವಳ ಮಾತು ಕೇಳಲಿಲ್ಲ.

ಸಂಜೆ ಅವಳು ನಿಜವಾಗಿಯೂ ಹಲಗೆ ಎತ್ತಿದಳು. ಒಂದು ತುದಿ ನೆಲಕ್ಕೆ ಎಳೆಯಿತು. ಮೃತ್ಯುಂಜಯ ಓಡಿಬಂದು ಆ ತುದಿ ಹಿಡಿದ.

“ಶಿವಮಲ್ಲು, ಟೀ ಏಳಿರು. ಇವ್ರನ್ನ ಬಸ್ ಅತ್ತಿಸ್ಬುಟ್ಟು ಬತ್ತೀನಿ,” ಎಂದು ಕ್ಲಬ್ಬಿನ ಗೆಳೆಯನಿಗೆ ಕೂಗಿ ಹೊರಟ.

ಒಂದೊಂದು ತುದಿ ಹಿಡಿದು ಇಬ್ಬರೂ ಬಸ್ ಸ್ಟ್ಯಾಂಡಿಗೆ ಬಂದರು. ಗುಂಡ್ಲುಪೇಟೆ ಬಸ್ಸು ಗುರುಗುಟ್ಟುತ್ತಿತ್ತು.

“ನೀವ್ ಬರ್ದೆ ಓದ್ರೆ ನನ್ನ ಬಯ್ಯೋರೇ ಇಲ್ಲ ಕಣ್ರೀ.”

“ಬೈಸ್ಕಳಕ್ಕೂ ಒಂದ್ ಜನ ಬೇಕಾ ನಿಮ್ಗೆ?”

“ಯಾರೋ ಅಲ್ಲ. ನೀವೇ ಬೇಕು. ನಿಮ್ ಬೈಗುಳ ಕೇಳ್ಕಂಡೇ ಬದ್ಕಿದ್ದೀನಿ. ನಿಮ್ಮ ಉಪ್ಕಾರ ದೊಡ್ದು.”

ಸುಧಾಮಣಿ ಸೆರಗು ಸರಿಮಾಡಿಕೊಂಡಳು. ಕಣ್ಣು ತುಂಬಿತ್ತು.

“ಅಳ್ತೆ ತಪ್ಪಿದ್ದು ನಾನೇ. ಟ್ರಾಮ್ ದಾಟ್ದಾಗ ಗೊತ್ತಾಯ್ತು. ಅಷ್ಟು ಜನದ ಮುಂದೆ ನೀವು ಅದ್ನ ಏಳ್ಲಿಲ್ವಲ್ಲ... ನನ್ನ ನೋಡಕ್ ಬಂದ ಗಂಡೆಲ್ಲ ಈ ಗಂಟ್ಲು ಕೇಳಿ ಎದ್ದೋದ್ವು. ನೀವೊಬ್ರೇ ಗರಗಸ ಇಡ್ಕಂಡು ನಿಂತ್ಕಂಡ್ರಿ.”

“ಹಲ್ಗೆ ಯಾರ್ದು?” ಕಂಡಕ್ಟರ್ ಗದರಿದ. “ಇಡ್ಕಳೋರಿದ್ರೆ ಅತ್ಸಿ, ಇಲ್ದೋದ್ರೆ ಇಳ್ಸಿ!”

ಅವಳು ಮೃತ್ಯುಂಜಯನನ್ನು ನೋಡಿದಳು. “ಬಾಯ್ ಬುಡ್ರೀ. ಇಡ್ಕತೀರೋ, ಇಲ್ವೋ?”

“ಇಡ್ಕತೀನಿ,” ಎಂದು ಅವನು ಮೆಟ್ಟಿಲು ಹತ್ತಿದ.

ಭವನದಲ್ಲಿ ಅಧ್ಯಕ್ಷರ ಪಾಲಿನ ಟೀಯ ಮೇಲೆ ಕೆನೆ ಕಟ್ಟಿತು. ಶಿವಮಲ್ಲು ಬಾಗಿಲಿಗೆ ಬಂದು ರಸ್ತೆ ನೋಡಿದ, ಮತ್ತೆ ನೋಡಿದ. ಕೊನೆಗೆ ಆ ಟೀ ತಾನೇ ಕುಡಿದು ಬೀಗ ಹಾಕಿಸಿದ. ಅಧ್ಯಕ್ಷರು ಬರಲಿಲ್ಲ.