ಮೊದಲೇ ಬಂದು ಹೋದವರು

ಟೇಕ್‌ಸೂನ್ ಮೊದಲ ಸಲ ಆ ಕೋಣೆಯ ಬಾಗಿಲಲ್ಲಿ ಬಂದು ನಿಂತಾಗ ಸ್ಯೂಪಿಂಗ್ ಮೇಜಿನ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳು. ಪಿನಾಂಗಿನ ಮಧ್ಯಾಹ್ನವೇ ಹಾಗೆ, ಫ್ಯಾನು ಕೂಡ ತೂಕಡಿಸುತ್ತಲೇ ತಿರುಗುತ್ತದೆ.

"ಸತ್ತವರನ್ನ ಹುಡುಕಿಕೊಡೋದು ಇಲ್ಲೇನಾ?"

ಅವಳು ಬೆಚ್ಚಿಬಿದ್ದು ಎದ್ದಳು. ಕನ್ನಡಕ ಒಂದೇ ಕಿವಿಗೆ ಜೋತಾಡುತ್ತಿತ್ತು.

"ಹೌದು, ಬನ್ನಿ, ಕೂತ್ಕೊಳ್ಳಿ. ಯಾರು ಬೇಕಿತ್ತು? ಅಜ್ಜನೋ, ಮುತ್ತಜ್ಜನೋ?"

"ನನಗೆ ಬದುಕಿರೋರು ಬೇಕು," ಎಂದ ಅವನು.

ಆ ಕೋಣೆಗೆ ಬದುಕಿರುವವರನ್ನು ಕೇಳಿಕೊಂಡು ಅದುವರೆಗೆ ಯಾರೂ ಬಂದಿರಲಿಲ್ಲ. ಬರುವವರೆಲ್ಲ ಸತ್ತವರ ಗಿರಾಕಿಗಳೇ. ಯಾರದೋ ತಾತ ಯಾವ ಹಡಗಿನಲ್ಲಿ ಬಂದ, ಯಾವ ಊರಿನವನು, ಗುಡ್ಡದ ಸ್ಮಶಾನದಲ್ಲಿ ಯಾವ ಮೂಲೆಯಲ್ಲಿ ಮಲಗಿದ್ದಾನೆ ಎಂದು ಹುಡುಕಿಕೊಡುವುದು ಸ್ಯೂಪಿಂಗಳ ಕೆಲಸ. ಅವಳು ಸಮಾಧಿಯ ಕಲ್ಲುಗಳನ್ನು ತಿಕ್ಕಿ ಓದುತ್ತಿದ್ದಳು, ಹಳೆಯ ಪತ್ರಿಕೆಗಳ ಮರಣವಾರ್ತೆ ತಿರುವುತ್ತಿದ್ದಳು, ಕುಲದ ಮಂದಿರಗಳಿಗೆ ಹೋಗಿ ಮುದುಕರ ಬಾಯಿ ಬಿಡಿಸುತ್ತಿದ್ದಳು. ಊರಿನವರಿಗೆಲ್ಲ ನೆಂಟರನ್ನು ಒದಗಿಸಿದ ಮೇಲೆ ಬಾಡಿಗೆ ಕೋಣೆಗೆ ಹೋಗಿ ಒಬ್ಬಳೇ ಗಂಜಿ ಕುಡಿದು ಮಲಗುತ್ತಿದ್ದಳು.

"ನಮ್ಮ ಮುತ್ತಜ್ಜಿ ಸಮಾಧಿ ಗುಡ್ಡದ ಮೇಲಿದೆ," ಎಂದು ಅವನು ಶುರುಮಾಡಿದ. "ನಂದು ಕನ್ನಡಕದ ಅಂಗಡಿ. ಒಬ್ಬನೇ ನೋಡ್ಕೊಳ್ಳೋದು. ಅದಕ್ಕೇ ಚೆಂಗ್‌ಬೆಂಗ್ ಹಿರಿಯರ ಹಬ್ಬಕ್ಕೆ ಸಮಾಧಿ ತೊಳೆಯೋಕೆ ಹೋಗೋದು ಯಾವಾಗ್ಲೂ ಕೊನೇ ದಿನವೇ. ನಾನು ಹೋಗೋಷ್ಟರಲ್ಲಿ ಯಾರೋ ಬಂದು ಹೋಗಿರ್ತಾರೆ. ಹುಲ್ಲು ಕಿತ್ತಿರುತ್ತೆ. ಬಣ್ಣದ ಕಾಗದ ಹಾಸಿ, ಗಾಳಿಗೆ ಹಾರಿಹೋಗದಿರಲಿ ಅಂತ ಮೇಲೆ ಕಲ್ಲು ಇಟ್ಟಿರ್ತಾರೆ. ನೀವೇ ಹೇಳಿ, ಬೇರೆಯವರ ಸಮಾಧಿಗೆ ಯಾರಾದ್ರೂ ಕಾಗದ ಇಡ್ತಾರಾ?"

"ಇಡಲ್ಲ," ಎಂದಳು ಅವಳು. ಕಾಗದ ಕಂಡರೆ ಮಕ್ಕಳುಮರಿ ಬಂದು ಹೋಗಿದ್ದಾರೆ ಎಂದೇ ಅರ್ಥ, ಅದು ಅಲ್ಲಿ ಎಲ್ಲರಿಗೂ ಗೊತ್ತು.

"ಅಂದ್ರೆ ಈ ಊರಲ್ಲಿ ನನಗೊಬ್ಬರು ಇದ್ದಾರೆ ಅಂತಾಯ್ತು. ನನಗೆ ಬೇರೆ ಯಾರೂ ಇಲ್ಲ. ಕಲ್ಲಿನ ಮೇಲೆ ಎರಡನೇ ಮಗ ಬೂನ್‌ಹಾಕ್ ಅಂತ ಕೆತ್ತಿದೆ. ನಮ್ಮ ತಾತನ ತಮ್ಮ. ಆತನ ವಿಷಯ ಮನೇಲಿ ಯಾರೂ ಮಾತಾಡಿದ್ದಿಲ್ಲ. ಅವರ ಮೊಮ್ಮಕ್ಕಳು ಯಾರೋ ಇರಬೇಕು. ಕಾಗದ ಅಷ್ಟು ನೀಟಾಗಿ ಜೋಡಿಸಿರೋದು ನೋಡಿದ್ರೆ ಹೆಣ್ಣುಮಗಳೇ ಇರಬೇಕು. ನನಗೊಬ್ಬಳು ತಂಗಿ."

'ತಂಗಿ' ಎನ್ನುವಾಗ ಅವನ ಮುಖ ಬೆಳಗಿತು. ಆಮೇಲೆ ಫೋನಿನಲ್ಲಿ ಸಮಾಧಿಯ ಫೋಟೊ ತೋರಿಸಿದ.

ಕಲ್ಲಿಗೆ ಕೂರಿಸಿದ ಪಿಂಗಾಣಿ ಬಿಲ್ಲೆಯ ಮೇಲೆ ಹುಬ್ಬು ಗಂಟಿಕ್ಕಿದ ಆ ಮುದುಕಿಯ ಮುಖ ಸ್ಯೂಪಿಂಗಳಿಗೆ ಚೆನ್ನಾಗಿ ಗೊತ್ತಿತ್ತು. ಐದಾರು ವರ್ಷದಿಂದ ಪ್ರತಿ ಚೆಂಗ್‌ಬೆಂಗ್‌ನ ಮೊದಲ ದಿನವೇ ಹೋಗಿ ಆ ಹುಲ್ಲು ಕಿತ್ತವಳು, ಆ ಕಾಗದ ಇಟ್ಟವಳು ಅವಳೇ.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಅಷ್ಟು ಬೆಳಗಿದ ಮುಖವನ್ನು ಆರಿಸಲು ಅವಳಿಗೆ ಬಾಯಿ ಬರಲಿಲ್ಲ.

"ಹುಡುಕೋಣ," ಎಂದಳು.

ಹುಡುಕಾಟ ಶುರುವಾಯಿತು. ಅವನು ಸಂಜೆ ಅಂಗಡಿ ಮುಚ್ಚಿ ಬರುತ್ತಿದ್ದ, ಅವಳಿಗಿಷ್ಟವಾದ ತೆಂಗಿನಕಾಯಿ ಹೂರಣದ ಕುಯೆ ಎಂಬ ಸಿಹಿತಿಂಡಿ ತರುತ್ತಿದ್ದ. ಇಬ್ಬರೂ ಅಕ್ಕಪಕ್ಕ ಕೂತು ಹಳೆಯ ಪತ್ರಿಕೆಗಳನ್ನು ತಿರುವುತ್ತಿದ್ದರು. ಅವನು ಓದುತ್ತಿದ್ದದ್ದು ಕಡಿಮೆ.

"ಏನು ಹಾಗೆ ನೋಡ್ತೀರಿ?" ಎಂದು ಒಮ್ಮೆ ಅವಳು ಕೇಳಿಯೇಬಿಟ್ಟಳು.

"ನಿಮ್ಮ ಕನ್ನಡಕ ಎಡಕ್ಕೆ ವಾಲಿದೆ. ನೋಡಿದಾಗಲೆಲ್ಲ ನನ್ನ ಕೈ ತುರಿಸುತ್ತೆ. ಕೊಡಿ ಇಲ್ಲಿ."

ಅವನು ಕಡ್ಡಿಯನ್ನು ಬೆರಳಲ್ಲೇ ಬಗ್ಗಿಸಿ ಸರಿಮಾಡಿ ತಾನೇ ತೊಡಿಸಿದ. ಕಿವಿಯ ಹಿಂದೆ ಬೆರಳು ತಾಗಿತು. ಕೂತಿದೆಯೋ ಇಲ್ಲವೋ ಎಂದು ಮೊದಲು ಫ್ರೇಮನ್ನೇ ನೋಡಿದ, ಆಮೇಲೆ ಗಾಜನ್ನು, ಕೊನೆಗೆ ಗಾಜಿನಾಚೆಯ ಕಣ್ಣುಗಳನ್ನು. ಅಲ್ಲಿಂದ ನೋಟ ಕೀಳುವುದು ಇಬ್ಬರಿಗೂ ಕಷ್ಟವಾಯಿತು.

"ಈಗ ಸರಿಯಾಗಿ ಕಾಣುತ್ತಾ?"

"ಜಾಸ್ತೀನೇ ಕಾಣ್ತಿದೆ," ಎಂದು ಅವಳು ಪತ್ರಿಕೆಯೊಳಗೆ ಮುಖ ಹುದುಗಿಸಿದಳು.

ಕೆಳಗಿನ ಕಾಫಿ ಅಂಗಡಿಯ ಚೂ ಆಂಟಿಗೆ ಕಣ್ಣು ನಾಲ್ಕು. ಮರುದಿನ ಲೋಟ ತಂದಿಡುತ್ತಾ ಕೇಳಿದಳು: "ಏನೇ, ಆ ಕನ್ನಡಕದವನು ಯಾರನ್ನ ಹುಡುಕ್ತಿದಾನೆ?"

"ತಂಗೀನ."

"ತಂಗಿ ಹುಡುಕೋನು ಹಾಗೆ ಕ್ರಾಪು ತೀಡ್ಕೊಂಡು ಬರ್ತಾನಾ?"

ಸ್ಯೂಪಿಂಗಳಿಗೆ ನಗು ಬರಲಿಲ್ಲ. ತಡೆದುಕೊಳ್ಳಲಾಗದೆ ಎಲ್ಲವನ್ನೂ ಹೇಳಿಬಿಟ್ಟಳು.

"ಅಯ್ಯೋ ಹುಚ್ಚಿ! ಅವನಿಗೆ ಹೇಳಿಬಿಡು."

"ಹೇಳಿದ್ರೆ ಅವರಿಗೆ ಯಾರೂ ಇಲ್ಲದ ಹಾಗಾಗುತ್ತೆ ಆಂಟಿ. ಬೂನ್‌ಹಾಕ್‌ಗೆ ಒಬ್ಬಳು ಮೊಮ್ಮಗಳಿದ್ದಳು, ಅದು ನಾನೇ ಅಂತ ಒಂದು ವಂಶ ಕಟ್ಟಿಬಿಡೋದು ನನಗೇನು ದೊಡ್ಡ ಕೆಲಸ ಅಲ್ಲ."

"ಕಟ್ಟು, ಯಾರು ಬೇಡ ಅಂದ್ರು? ಆಮೇಲೆ ಜೀವಮಾನವಿಡೀ ಅಣ್ಣಾ ಅಣ್ಣಾ ಅಂತ ಕರ್ಕೊಂಡು ಕೂತಿರು. ಅವನ ಮದುವೇಲಿ ತಂಗಿ ಅಂತ ನೀನೇ ಚಹಾ ಬಗ್ಗಿಸು."

ಆ ಮಾತು ಮುಳ್ಳಿನ ಹಾಗೆ ಒಳಗೇ ಮುರಿದು ಉಳಿಯಿತು. ಸುಳ್ಳು ಹೇಳಿದರೆ ಅವನು ಅಣ್ಣನಾಗಿ ಸಿಗುತ್ತಾನೆ. ನಿಜ ಹೇಳಿದರೆ ಸಿಗದೆಯೇ ಹೋಗಬಹುದು.

ಹೀಗೇ ಕೆಲವು ತಿಂಗಳು ಕಳೆದ ಮೇಲೆ ತೈಪಿಂಗಿನ ಕುಲಮಂದಿರದಿಂದ ಕರೆ ಬಂತು. ಬೂನ್‌ಹಾಕ್ ತವರದ ಗಣಿಗೆ ಹೋಗಿದ್ದನಂತೆ, ಸತ್ತವರ ಹೆಸರು ಬರೆದು ಪೂಜೆಗಿಡುವ ಆತ್ಮಫಲಕಗಳಲ್ಲಿ ಅವನದೂ ಒಂದು ಅಲ್ಲಿದೆಯಂತೆ. ಭಾನುವಾರ ಇಬ್ಬರೂ ರೈಲು ಹತ್ತಿದರು. ಟೇಕ್‌ಸೂನ್ ಹೊಸ ಅಂಗಿ ಹಾಕಿಕೊಂಡಿದ್ದ, ಸಿಗಬಹುದಾದ ನೆಂಟರಿಗೆಂದು ಬಿಸ್ಕತ್ತಿನ ಡಬ್ಬಿ ಹಿಡಿದಿದ್ದ. ಆ ಡಬ್ಬಿ ಕಣ್ಣಿಗೆ ಬಿದ್ದಾಗಲೆಲ್ಲ ಸ್ಯೂಪಿಂಗ್ ಮುಖ ಬೇರೆ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ಮಂದಿರ ನೋಡಿಕೊಳ್ಳುವ ಮುದುಕ ಅವರನ್ನು ಫಲಕಗಳ ಸಾಲುಗಳ ಮುಂದಿನಿಂದ ದಾಟಿಸಿ ಹಿಂದಿನ ಕತ್ತಲ ಮೂಲೆಗೆ ಕರೆದೊಯ್ದ.

"ಇದೇ ನೋಡಪ್ಪಾ. ಹತ್ತೊಂಬತ್ತಕ್ಕೇ ಹೋಗ್ಬಿಟ್ಟ, ಜ್ವರ. ಮದುವೆ ಇಲ್ಲ, ಮಕ್ಕಳಿಲ್ಲ. ಅದಕ್ಕೇ ಇವರನ್ನೆಲ್ಲ ಮೂಲೇಲಿ ಇಟ್ಟಿರೋದು. ಪಾಪ, ನೋಡೋಕೆ ಬಂದೋನು ನೀನೇ ಮೊದಲು."

ಟೇಕ್‌ಸೂನ್ ಊದುಬತ್ತಿ ಹಚ್ಚಿ, ಬಿಸ್ಕತ್ತಿನ ಡಬ್ಬಿಯನ್ನು ಆ ಫಲಕದ ಮುಂದೆಯೇ ಇಟ್ಟು ಹೊರಗೆ ಬಂದ.

"ಹಾಗಾದ್ರೆ ಕಾಗದ ಇಡೋರು ಯಾರು?" ಎಂದು ವಾಪಸು ರೈಲಿನಲ್ಲಿ ಕೇಳಿದ.

ಒಂದು ಸುಳ್ಳು ಅವಳ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

"ನಾನು."

ಅವನು ತಿರುಗಿದ.

"ನಮ್ಮಮ್ಮ ಸಾಯೋವಾಗ, ನನಗೆ ಸಮಾಧಿ ಬೇಡ, ನೀನೊಬ್ಬಳೇ ಗುಡ್ಡ ಹತ್ತಿ ಒದ್ದಾಡಬೇಡ, ಬೂದಿ ಸಮುದ್ರಕ್ಕೆ ಬಿಡು ಅಂದ್ಲು. ಬಿಟ್ಟೆ. ಆಮೇಲೆ ಚೆಂಗ್‌ಬೆಂಗ್ ಬಂತು. ಊರೆಲ್ಲ ಹಣ್ಣು, ಕೋಳಿ, ಮಕ್ಕಳನ್ನ ಕಟ್ಕೊಂಡು ಗುಡ್ಡ ಹತ್ತಿದ್ರು. ಎಲ್ಲರಿಗೂ ದಾರಿ ತೋರಿಸಿದೋಳು ನಾನು, ನನಗೆ ಮಾತ್ರ ಹೋಗೋಕೆ ಜಾಗ ಇರಲಿಲ್ಲ. ನಿಮ್ಮ ಮುತ್ತಜ್ಜಿ ಸಮಾಧಿ ಮೇಲೆ ಮೊಣಕಾಲುದ್ದ ಹುಲ್ಲಿತ್ತು. ಇವರಿಗೂ ಯಾರೂ ಇಲ್ಲ ಅಂದ್ಕೊಂಡೆ. ನೀವು ಕೊನೇ ದಿನ ಬರ್ತೀರಿ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಮೊದಲನೇ ದಿನವೇ ಗೊತ್ತಾಯ್ತಲ್ಲ, ಫೋಟೊ ತೋರಿಸಿದಾಗ?"

"ಗೊತ್ತಾಯ್ತು."

"ಇಷ್ಟು ತಿಂಗಳು ಸುಮ್ಮನಿದ್ರಿ."

"ಮೊದಲು ನಿಮಗೆ ನೋವಾಗುತ್ತೆ ಅಂತ ಸುಮ್ಮನಿದ್ದೆ. ಆಮೇಲೆ, ಹೇಳಿಬಿಟ್ರೆ ನೀವು ಸಂಜೆ ಬರೋದು ನಿಂತುಹೋಗುತ್ತೆ ಅಂತ. ನಾನೇ ನಿಮ್ಮ ತಂಗಿ ಅಂದುಬಿಡಬಹುದಿತ್ತು. ಆಗಲಿಲ್ಲ. ನಿಮ್ಮ ತಂಗಿಯಾಗಿ ಬದುಕೋದು ನನ್ನ ಕೈಲಾಗಲ್ಲ ಟೇಕ್‌ಸೂನ್."

ಅವನು ಕಿಟಕಿಯ ಕಡೆ ತಿರುಗಿಕೊಂಡ. "ನಮ್ಮಮ್ಮ ಆಸ್ಪತ್ರೇಲಿ, ನಾನು ಹೋದ ಮೇಲೆ ನಿನಗ್ಯಾರೋ ಅಂತ ಅಳ್ತಿದ್ಲು. ಯಾರೋ ಕಾಗದ ಇಡ್ತಿದಾರಮ್ಮಾ, ನಮ್ಮೋರು ಒಬ್ಬರಿದಾರೆ, ಹುಡುಕ್ಕೊಳ್ತೀನಿ ಅಂದೆ. ಅದನ್ನ ನಂಬ್ಕೊಂಡೇ ಕಣ್ಣು ಮುಚ್ಚಿದ್ಲು. ಈಗ ಅದು ಸುಳ್ಳಾಯ್ತು."

ಅವನು ಎದ್ದು ಹೋಗಿ ಬೋಗಿಯ ಆ ತುದಿಯಲ್ಲಿ ಕೂತ. ಅವಳು ಎದುರಿನ ಖಾಲಿ ಸೀಟನ್ನು ನೋಡುತ್ತಾ ಕೂತಳು. ಅಮ್ಮನ ಬೂದಿ ಬಿಟ್ಟು ಬಂದ ದಿನವೂ ಇಷ್ಟು ಒಂಟಿ ಅನಿಸಿರಲಿಲ್ಲ.

ಬಟರ್‌ವರ್ತಿನಲ್ಲಿ ಇಳಿದು ಪಿನಾಂಗ್ ದ್ವೀಪಕ್ಕೆ ದಾಟಿಸುವ ಫೆರಿ ಹತ್ತುವಾಗಲೂ ಅವನು ಹತ್ತು ಹೆಜ್ಜೆ ಹಿಂದೆಯೇ ಇದ್ದ. ಸಂಜೆಯಾಗಿತ್ತು. ಅವಳು ಒಂದು ಬದಿಯ ಕಂಬಿ ಹಿಡಿದು ನಿಂತಳು, ಅವನು ಇನ್ನೊಂದು ಬದಿ. ನಡುವೆ ಪಿಕ್ನಿಕ್ ಮುಗಿಸಿ ಬಂದ ಯಾರದೋ ದೊಡ್ಡ ಸಂಸಾರ ಕಲಕಲ ಮಾಡುತ್ತಿತ್ತು.

ಫೆರಿ ಅರ್ಧ ದಾರಿಗೆ ಬಂದಾಗ ಅವನು ಆ ಗುಂಪನ್ನು ದಾಟಿಕೊಂಡು ಬಂದ. ಕಣ್ಣುಗಳು ಕೆಂಪಗಿದ್ದವು.

"ನಿಮ್ಮಮ್ಮನ್ನ ಬಿಟ್ಟಿದ್ದು ಎಲ್ಲಿ?"

ಅವಳು ಬೆರಳು ತೋರಿಸಿದಳು. "ಅಲ್ಲೆಲ್ಲೋ. ಇಂಥ ಕಡೆ ಅನ್ನೋಕೆ ನೀರಲ್ಲಿ ಗುರುತೆಲ್ಲಿರುತ್ತೆ?"

"ಹೆಸರು?"

"ಮೂಯಿಲೆಂಗ್." ಎಷ್ಟೋ ವರ್ಷದ ಮೇಲೆ ಆ ಹೆಸರು ಅವಳ ಬಾಯಲ್ಲಿ ಬಂದಿತ್ತು.

"ಆ ಕಡೆ ನಿಂತ್ಕೊಂಡು ಯೋಚಿಸ್ತಿದ್ದೆ," ಎಂದ ಅವನು. "ತಂಗಿ ಇಲ್ಲ ಅಂತ ಹೊಟ್ಟೆ ಉರೀತಿದೆ. ಆದ್ರೆ ನೀವು ತಂಗಿ ಅಲ್ಲ ಅನ್ನೋದಕ್ಕೆ ಮಾತ್ರ ಯಾಕೋ ಒಂಚೂರೂ ದುಃಖ ಆಗ್ತಿಲ್ಲ."

ಅವಳು ಏನಾದರೂ ಹೇಳುವ ಮೊದಲೇ ಅವನು ನೀರಿನ ಕಡೆ ತಿರುಗಿ, ಎರಡೂ ಕೈ ಜೋಡಿಸಿ ಮೂರು ಸಲ ಬಾಗಿದ. ಸುತ್ತ ಜನ ನೋಡುತ್ತಿದ್ದರೂ ಲೆಕ್ಕಿಸದೆ ಗಟ್ಟಿಯಾಗಿಯೇ ಹೇಳಿದ:

"ಮೂಯಿಲೆಂಗ್ ಅಮ್ಮಾ, ನಾನು ಟೇಕ್‌ಸೂನ್. ನಿಮ್ಮ ಮಗಳು ನಮ್ಮ ಮುತ್ತಜ್ಜೀನ ಇಷ್ಟು ವರ್ಷ ನೋಡ್ಕೊಂಡಿದಾಳೆ. ನನಗೆ ಹೇಳಲಿಲ್ಲ ಅನ್ನೋ ಸಿಟ್ಟು ಇನ್ನೂ ಇದೆ, ಅದು ಇರ್ಲಿ. ಬರೋ ಚೆಂಗ್‌ಬೆಂಗ್‌ಗೆ ಇಬ್ಬರೂ ಒಟ್ಟಿಗೇ ಗುಡ್ಡಕ್ಕೆ ಹೋಗ್ತೀವಿ, ಇಳಿದು ಇಲ್ಲಿಗೂ ಬರ್ತೀವಿ. ಆಮೇಲೂ ಹಾಗೇ, ಪ್ರತಿ ವರ್ಷ."

"ನಾನು ಒಪ್ಪಿದೀನಾ?" ಎಂದಳು ಸ್ಯೂಪಿಂಗ್. ಒದ್ದೆಯಾದ ಕನ್ನಡಕದೊಳಗಿಂದ ಅವಳಿಗೆ ಏನೂ ಕಾಣುತ್ತಿರಲಿಲ್ಲ.

"ನಿಮ್ಮನ್ನ ಯಾರು ಕೇಳಿದ್ರು? ನಾನು ಅಮ್ಮನ ಹತ್ರ ಮಾತಾಡ್ತಿದೀನಿ."