ದೂರದೀಪದ ಕೊನೆಯ ಪುಸ್ತಕ

“ಆ ಪುಸ್ತಕ ನಾನಿನ್ನೂ ಓದಿಲ್ಲ.”

ಮಾತು ಹಿಂದಿನ ಸಾಲಿನಿಂದ ಬಂತು. ಮೆಲ್ಲಗೇ ಬಂತು. ಆದರೂ ಲೈಬ್ರರಿಯ ಮಹಡಿ ಕೋಣೆಯಲ್ಲಿ ಕೂತಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು.

ಎದುರು ನಿಂತು ಮಾತಾಡುತ್ತಿದ್ದ ಹುಡುಗಿಯ ಬಾಯಿ ತೆರೆದಂತೆಯೇ ಉಳಿಯಿತು. ಅಷ್ಟು ಹೊತ್ತು ಅವಳು ಕೈ ಬೀಸಿ ಬೀಸಿ ಬೈಯುತ್ತಿದ್ದದ್ದು ಅದೇ ಪುಸ್ತಕದ ಕೊನೆಯನ್ನು. ಕ್ಯಾಪ್ಟನ್ ತನ್ನ ನೌಕೆಯ ನಕಾಶೆಗಾರ್ತಿಯನ್ನು ಹಾಳು ನಿಲ್ದಾಣವೊಂದರಲ್ಲಿ ಬಿಟ್ಟು ಹೊರಟೇಹೋಗುತ್ತಾನೆ, ತಿರುಗಿ ಕೂಡ ನೋಡುವುದಿಲ್ಲ, ಬರೆದವರಿಗೆ ಹೃದಯ ಅನ್ನುವುದೇ ಇಲ್ಲ… ಅಂತ.

ಅಲ್ಲಿ ಸೇರಿದ್ದವರೆಲ್ಲ ‘ದೂರದೀಪ’ದ ಹುಚ್ಚು ಹಿಡಿದವರು. ದೂರದೀಪ ಅಂದರೆ ಅವರಲ್ಲಿ ಹೆಚ್ಚಿನವರ ಅಪ್ಪ ಅಮ್ಮಂದಿರ ಕಾಲದಲ್ಲಿ ಟಿವಿಯಲ್ಲಿ ಬರುತ್ತಿದ್ದ ಧಾರಾವಾಹಿಯ ಬಾಹ್ಯಾಕಾಶ ನೌಕೆ. ಧಾರಾವಾಹಿ ಮುಗಿದ ಮೇಲೂ ಅದೇ ನೌಕೆ, ಅದೇ ಪಾತ್ರಗಳನ್ನು ಇಟ್ಟುಕೊಂಡು ಒಂದು ಡಜನ್ ಕಾದಂಬರಿಗಳು ಬಂದಿದ್ದವು. ಬೇರೆ ಬೇರೆಯವರು ಅವಸರದಲ್ಲಿ ಬರೆದದ್ದು. ಮೂರನೆಯದರಲ್ಲಿ ಸತ್ತ ಡಾಕ್ಟರು ಐದನೆಯದರಲ್ಲಿ ಆರಾಮಾಗಿ ಚಹಾ ಕುಡಿಯುತ್ತಿರುತ್ತಾನೆ. ಕ್ಯಾಪ್ಟನ್‌ಗೆ ಒಂದು ಪುಸ್ತಕದಲ್ಲಿ ಗಡ್ಡವಿದ್ದರೆ ಇನ್ನೊಂದರಲ್ಲಿ ಇಲ್ಲ. ಇಂಥ ತಪ್ಪುಗಳನ್ನೇ ಜೀವಕ್ಕಿಂತ ಹೆಚ್ಚು ಪ್ರೀತಿಸುವ ಈ ಜನ ಪ್ರತಿ ಶನಿವಾರ ಸಂಜೆ ಸೇರಿ ಗಂಟಲು ಹರಿದುಕೊಂಡು ಜಗಳವಾಡುತ್ತಿದ್ದರು.

ಹಿಂದಿನ ಸಾಲಿನವನು ಅಂದೇ ಮೊದಲ ಸಲ ಬಂದಿದ್ದ. ಲಿಫ್ಟ್ ಕಂಪನಿಯ ನೀಲಿ ಅಂಗಿ ತೊಟ್ಟಿದ್ದ, ಕಾಲ ಬಳಿ ಸಾಮಾನಿನ ಚೀಲ ಇಟ್ಟುಕೊಂಡಿದ್ದ. ಆ ಚೀಲವನ್ನು ಹೆಗಲಿಗೇರಿಸಿ ಎದ್ದು ಹೊರಟುಬಿಟ್ಟ.

ಅವಳು ಮೆಟ್ಟಿಲವರೆಗೂ ಓಡಿದಳು. “ರೀ, ಸಾರಿ. ಯಾವಾಗ ಓದ್ಬೇಕು ಅಂತಿದ್ರಿ?”

“ನಾಳೆ ನಾಡಿದ್ದು ಓದೋಣ ಅಂತ.”

“ತಗೊಂಡು ಎಷ್ಟು ದಿನ ಆಯ್ತು?”

ಅವನು ತಲೆ ಕೆರೆದುಕೊಂಡ. “ಕಾಲೇಜಿನಲ್ಲಿದ್ದಾಗ ತಗೊಂಡಿದ್ದು. ಅದನ್ನೂ ಓದಿಬಿಟ್ರೆ ಓದೋಕೆ ಇನ್ನೇನೂ ಉಳಿಯಲ್ಲ ಅಲ್ವಾ? ಅದಕ್ಕೆ ಹಾಗೇ ಇಟ್ಕೊಂಡಿದ್ದೆ.”

ಅವಳಿಗೆ ನಗು ತಡೆಯಲಾಗಲಿಲ್ಲ. ಅವನು ಹುಬ್ಬು ಗಂಟಿಕ್ಕಿ ನೋಡಿದ. ಆಮೇಲೆ ಅವನಿಗೂ ನಗು ಬಂತು.

ಅವಳದು ಅದಕ್ಕೆ ತದ್ವಿರುದ್ಧ ಸ್ವಭಾವ. ಕೂತಲ್ಲಿ ಕೂರದ ಜೀವ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ ಅವಳದು. ಕೈ ಎಷ್ಟು ನಿಧಾನವೋ ಮನಸ್ಸು ಅಷ್ಟೇ ಅವಸರ. ಕಥೆ ಎಲ್ಲಿಗೆ ಮುಟ್ಟುತ್ತದೆ ಅಂತ ಗೊತ್ತಿಲ್ಲದೆ ಒಂದು ಸಾಲೂ ಓದಲಾರಳು. ಯಾವ ಪುಸ್ತಕ ಸಿಕ್ಕರೂ ಕೊನೆಯ ಪುಟದಿಂದಲೇ ಶುರು. ಶನಿವಾರದ ಗುಂಪು ಅವಳಿಗೆ ‘ಕೊನೇಪುಟ’ ಅಂತಲೇ ಹೆಸರಿಟ್ಟಿತ್ತು.

ಮುಂದಿನ ಶನಿವಾರ ಅವನು ಮತ್ತೆ ಬಂದ. ಅದರ ಮುಂದಿನ ಶನಿವಾರವೂ ಬಂದ. ಸಭೆ ಮುಗಿದ ಮೇಲೆ ಇಬ್ಬರೂ ಬಸ್ ಸ್ಟಾಪಿನವರೆಗೆ ಜಗಳವಾಡುತ್ತ ನಡೆಯುವುದು ರೂಢಿಯಾಯಿತು. ನಾಲ್ಕನೆಯ ಪುಸ್ತಕ ಧಾರಾವಾಹಿಗಿಂತ ಚೆನ್ನಾಗಿದೆ ಅಂತ ಅವನ ವಾದ, ಅದನ್ನು ಬರೆದವರು ಧಾರಾವಾಹಿ ನೋಡಿಯೇ ಇಲ್ಲ ಅಂತ ಅವಳ ವಾದ. ಒಂದೊಂದು ದಿನ ಬಸ್ಸುಗಳು ಬಂದು ಹೋಗುತ್ತಿದ್ದವು, ವಾದ ಮುಗಿಯುತ್ತಿರಲಿಲ್ಲ.

ಆಮೇಲೆ ಅವನು ಅಂಗಡಿಗೂ ಬರತೊಡಗಿದ. ಕನ್ನಡಕ ಸಡಿಲವಾಗಿದೆ ಅನ್ನುವುದು ನೆಪ. ಅದು ಸಡಿಲವಾಗಿರುತ್ತಿರಲಿಲ್ಲ. ಅವಳೂ ಸುಮ್ಮನೆ ತಿರುಪು ತಿರುಗಿಸಿದಂತೆ ಮಾಡಿ ಕೊಡುತ್ತಿದ್ದಳು.

‘ಇವನು ಯಾಕೆ ಏನೂ ಹೇಳುತ್ತಿಲ್ಲ? ಹೇಳುವುದಿದೆಯೋ ಇಲ್ಲವೋ?’

ಆ ಪ್ರಶ್ನೆ ಅವಳ ತಲೆಯಲ್ಲಿ ಹುಳುವಿನಂತೆ ಕೊರೆಯುತ್ತಿತ್ತು. ಊಟ ಸೇರದು. ಫೋನು ಮಿಣುಕಿದರೆ ಓಡಿ ಬಂದು ಎತ್ತುವುದು, ನೋಡಿದರೆ ಯಾವುದೋ ಜಾಹೀರಾತು.

ಅಷ್ಟರಲ್ಲಿ ಅಕ್ಕ ಒಂದು ಸಂಬಂಧ ತಂದಳು. ಹುಡುಗ ಹಲ್ಲಿನ ಡಾಕ್ಟರು, ಒಳ್ಳೆಯವನು, ಹೆಸರಿಡಲು ಒಂದೂ ಕೊರತೆಯಿಲ್ಲ. ಮುಂದಿನ ವಾರದ ಭಾನುವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು ಅಂತ ಅಕ್ಕ ಖಡಾಖಂಡಿತವಾಗಿ ಹೇಳಿದಳು.

ಆ ಶನಿವಾರ ಬಸ್ ಸ್ಟಾಪಿನಲ್ಲಿ ಅವಳು ವಿಷಯ ಹೇಳಿಯೇಬಿಟ್ಟಳು. ಹೇಳುವಾಗ ನಗುನಗುತ್ತಲೇ ಹೇಳಿದಳು. ಒಳಗೆ ಮಾತ್ರ ಪ್ರಾಣ ಬಾಯಿಗೆ ಬಂದಿತ್ತು.

ಅವನು ಹೆಗಲ ಚೀಲ ಸರಿಮಾಡಿಕೊಂಡ. ನಂತರ ತಡವರಿಸುತ್ತ, “ಯೋಚನೆ ಮಾಡಿ…” ಅಂದ.

ಯೋಚನೆ ಮಾಡಿ! ಇಷ್ಟೇನಾ?

“ಗೊತ್ತಾಯ್ತು ಬಿಡಿ,” ಅಂದವಳೇ ಬಂದ ಬಸ್ಸಿಗೆ ಹತ್ತಿಬಿಟ್ಟಳು. ಅದು ಅವಳ ಮನೆ ಕಡೆಯ ಬಸ್ಸೂ ಅಲ್ಲ. ಎರಡು ಸ್ಟಾಪ್ ಆಚೆ ಇಳಿದು, ಅಳು ನುಂಗಿಕೊಂಡು ನಡೆದೇ ಮನೆ ಸೇರಿದಳು.

ಗುಂಪಿನಲ್ಲಿ ಒಂದು ಪದ್ಧತಿಯಿತ್ತು. ತಿಂಗಳಿಗೊಮ್ಮೆ ‘ಉಲ್ಟಾ ಶನಿವಾರ’. ಅಂದು, ಯಾವ ಪುಸ್ತಕವನ್ನು ವಾಚಾಮಗೋಚರ ಬೈದಿದ್ದೀರೋ ಅದನ್ನೇ ಎಲ್ಲರೆದುರು ಹೊಗಳಬೇಕು. ಗುಂಪಿನ ಹಿರಿಯರು ನಿವೃತ್ತ ನರ್ಸ್ ಒಬ್ಬರು, ಎಲ್ಲರೂ ಅವರನ್ನು ಸಿಸ್ಟರ್ ಅನ್ನುತ್ತಿದ್ದರು. ಅವರು ವಾರದ ನಡುವೆ ಫೋನ್ ಮಾಡಿ, ಈ ಸಲ ಅವಳ ಸರದಿ, ಕೊನೆಯ ಪುಸ್ತಕವನ್ನು ಹೊಗಳಲು ತಯಾರಾಗಿ ಬರಬೇಕು ಅಂದರು.

ಅವಳು ಪೇಚಿಗೆ ಸಿಕ್ಕಿಬಿದ್ದಳು. ಯಾಕೆಂದರೆ ಆ ಪುಸ್ತಕವನ್ನು ಅವಳೂ ಓದಿರಲಿಲ್ಲ.

ಓದಿದ್ದು ಕೊನೆಯ ಪುಟ ಮಾತ್ರ. ಆ ಪುಟದಲ್ಲಿ ಕ್ಯಾಪ್ಟನ್ ಬಿಟ್ಟುಹೋದದ್ದು ಕಂಡು ಸಿಟ್ಟು ಬಂದು ಮುಚ್ಚಿಟ್ಟಿದ್ದಳು. ಆಮೇಲೆ ವರ್ಷಗಟ್ಟಲೆ ಅದೊಂದೇ ಪುಟದ ಮೇಲೆ ಅಭಿಪ್ರಾಯ ಹೇಳಿಕೊಂಡು ಬಂದಿದ್ದಳು. ಅವಳ ಮಾತು ನಂಬಿ ಎಷ್ಟು ಜನ ಆ ಪುಸ್ತಕ ಮುಟ್ಟದೇ ಬಿಟ್ಟಿದ್ದರೋ!

ವಿಧಿಯಿಲ್ಲದೆ ಮೊದಲ ಪುಟದಿಂದ ಓದಿದಳು. ಅಂಗಡಿಯಲ್ಲಿ ಗಿರಾಕಿಗಳ ನಡುವೆ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಓದಿದಳು. ಬೆರಳು ಹಿಂದಿನ ಪುಟಗಳಿಗೆ ಹಾರಲು ಚಡಪಡಿಸುತ್ತಿತ್ತು.

ಓದುತ್ತ ಓದುತ್ತ ಅವಳ ಮುಖ ಬಿಸಿಯಾಯಿತು. ಕ್ಯಾಪ್ಟನ್ ಆ ನಕಾಶೆಗಾರ್ತಿಗೆ ತನ್ನ ಮನಸ್ಸು ಹೇಳಲು ಮತ್ತೆ ಮತ್ತೆ ಬಾಯಿ ತೆರೆಯುತ್ತಾನೆ. ಪ್ರತಿ ಸಲವೂ ನಕಾಶೆಗಾರ್ತಿಯೇ ಅವನ ಮಾತನ್ನು ತುಂಡರಿಸುತ್ತಾಳೆ. ಅವನು ಏನು ಹೇಳುತ್ತಾನೆಂದು ತಾನೇ ಊಹಿಸಿ, ಆ ಊಹೆಗೆ ತಾನೇ ಉತ್ತರ ಕೊಟ್ಟು, ಕಡೆಗೆ ಆ ನಿಲ್ದಾಣದಲ್ಲಿ ಇಳಿಸಿ ಹೋಗು ಅಂತಲೂ ತಾನೇ ಕೇಳುತ್ತಾಳೆ. ಅವಳು ಕೇಳಿದ್ದನ್ನು ಅವನು ನಡೆಸಿಕೊಡುತ್ತಾನೆ, ಅಷ್ಟೇ.

ಪುಸ್ತಕ ಕೆಳಗಿಟ್ಟವಳಿಗೆ ಬಸ್ ಸ್ಟಾಪು ನೆನಪಾಯಿತು. ‘ಯೋಚನೆ ಮಾಡಿ’ ಅಂದವನ ತುಟಿ ಇನ್ನೂ ಅಲುಗುತ್ತಿತ್ತು. ಅದು ಮಾತಿನ ಮೊದಲಾಗಿತ್ತು. ಅವಳು ಅದನ್ನೇ ಕೊನೆ ಅಂದುಕೊಂಡಿದ್ದಳು.

ಶನಿವಾರ ಸಂಜೆ ಎಲ್ಲರ ಮುಂದೆ ನಿಂತು ಇದ್ದದ್ದು ಇದ್ದಂತೆ ಹೇಳಿದಳು. ಗುಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳ ಕಣ್ಣು ಮಾತ್ರ ಬಾಗಿಲ ಮೇಲಿತ್ತು. ಅವನು ಬರಲೇ ಇಲ್ಲ.

ಊರಿನ ದೊಡ್ಡಾಸ್ಪತ್ರೆಯ ಲಿಫ್ಟ್ ಕೆಟ್ಟಿದೆ, ಕರೆ ಬಂತು ಅಂತ ಫೋನ್ ಮಾಡಿದ್ದ ಅಂದರು ಸಿಸ್ಟರ್. ನಿಜವಾಗಿಯೂ ಕೆಟ್ಟಿದೆಯೋ, ತನ್ನ ಮುಖ ನೋಡಬಾರದೆಂದೋ? ಚಹಾ ತಣ್ಣಗಾಗುತ್ತಿತ್ತು. ನಾಳೆಯೇ ಅಕ್ಕ ಕೊಟ್ಟ ಗಡುವಿನ ಭಾನುವಾರ.

ಸಿಸ್ಟರ್ ಅವಳ ಚೀಲ ತಂದು ಕೈಗಿತ್ತರು. “ಹೋಗಮ್ಮ. ಇಲ್ಲಿ ಕೂತು ನಮ್ಮ ಕುರ್ಚಿ ಯಾಕೆ ಸವೆಸ್ತೀಯ?”

ಆಸ್ಪತ್ರೆಯ ಲಿಫ್ಟ್ ನಿಜಕ್ಕೂ ಕೆಟ್ಟಿತ್ತು. ಅವಳು ಎಲ್ಲ ಮಹಡಿಗಳನ್ನೂ ಮೆಟ್ಟಿಲಲ್ಲೇ ಹತ್ತಿದಳು. ತಾರಸಿಯ ಮೇಲಿನ ಮೋಟಾರು ಕೋಣೆಯಲ್ಲಿ ಅವನು ಮಂಡಿಯೂರಿ ಕೂತು ಕೊನೆಯ ಬೋಲ್ಟ್ ಬಿಗಿದು ಮುಗಿಸುತ್ತಿದ್ದ. ಅವಳನ್ನು ಕಂಡು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ.

ಅವಳಿಗೆ ಏದುಸಿರು. “ನಾನು ಆ ಪುಸ್ತಕ ಪೂರ್ತಿ ಓದಿದೆ. ತಪ್ಪೆಲ್ಲ ನಕಾಶೆಗಾರ್ತಿದೇ.”

“ನಾನೂ ಓದಿದೆ, ಈ ವಾರ. ತಪ್ಪು ಕ್ಯಾಪ್ಟನ್‌ದು. ಮಾತು ಕಡಿದ್ರೆ ಏನಾಯ್ತು? ಇನ್ನೊಂದು ಸಲ ಗಟ್ಟಿಯಾಗಿ ಹೇಳ್ಬೇಕಿತ್ತು.”

“ಅವಳು ಬಿಟ್ರೆ ತಾನೇ ಅವನು…”

ಅವಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಮತ್ತೆ ಅದೇ ಚಾಳಿ! ಆದಷ್ಟು ನಿಧಾನವಾಗಿ ಹೇಳಿದಳು. “ಅವತ್ತು ಬಸ್ ಸ್ಟಾಪಲ್ಲಿ ಏನೋ ಹೇಳ್ತಿದ್ರಿ. ಮುಗಿಸಿ. ನಾನು ಮಾತಾಡಲ್ಲ.”

ಅವನು ಬಟ್ಟೆಯ ಚೂರು ತೆಗೆದುಕೊಂಡು ಕೈ ಒರೆಸಿದ. ಗ್ರೀಸು ಹೋಗಲಿಲ್ಲ. ಮತ್ತೆ ಒರೆಸಿದ. ಅವಳಿಗೆ ಆ ಬಟ್ಟೆ ಕಿತ್ತು ಎಸೆಯಬೇಕು ಅನ್ನಿಸಿತು. ತುಟಿ ಕಚ್ಚಿ ನಿಂತಳು. ಜೀವನದಲ್ಲಿ ಇಷ್ಟು ಹೊತ್ತು ಅವಳು ಯಾರಿಗೂ ಕಾದಿರಲಿಲ್ಲ.

“ಯೋಚನೆ ಮಾಡಿ,” ಅಂದ ಅವನು. “ಯೋಚನೆ ಮಾಡುವಾಗ ನನ್ನನ್ನೂ ಲೆಕ್ಕಕ್ಕೆ ತಗೊಳ್ಳಿ, ಅಂತ ಹೇಳೋಕೆ ಹೊರಟಿದ್ದೆ. ಡಾಕ್ಟರಷ್ಟು ಸಂಪಾದನೆ ನನಗಿಲ್ಲ. ಎಲ್ಲಾದಕ್ಕೂ ತಡ ಮಾಡ್ತೀನಿ, ಅದೂ ಗೊತ್ತು. ಆದ್ರೆ ನಿಮ್ಮನ್ನ ಇಷ್ಟಪಡೋಕೆ ಒಂದು ದಿನಾನೂ ತಡ ಮಾಡಿಲ್ಲ. ಅವತ್ತು ಮೆಟ್ಟಿಲ ಮೇಲೇ ಆಗಿಹೋಯ್ತು.”

ಅವಳ ಕಣ್ಣು ತುಂಬಿ ಬಂತು. ಫೋನ್ ತೆಗೆದು ಅಕ್ಕನಿಗೆ ಮಾಡಿದಳು.

“ಅಕ್ಕಾ, ಡಾಕ್ಟರಿಗೆ ಬೇಡ ಅಂತ ಹೇಳ್ಬಿಡು.”

ಅಕ್ಕ ಕಾರಣ ಕೇಳಿದಳು.

“ಕಾರಣ ಇಲ್ಲೇ ಎದುರಿಗೆ ನಿಂತಿದೆ. ಕೈಯೆಲ್ಲ ಗ್ರೀಸು.”

ಆ ಕಡೆಯಿಂದ ಅಕ್ಕ ಬಹಳ ಹೊತ್ತು ಮಾತಾಡಿದಳು. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಫೋನ್ ಇಟ್ಟು ಕಣ್ಣೊರೆಸಿಕೊಂಡಳು.

“ಅಕ್ಕ ನಿಮ್ಮನ್ನ ನೋಡ್ಬೇಕಂತೆ.”

“ಯಾವಾಗ?”

“ಈಗಲೇ ಅಂತೆ. ನಮ್ಮನೇಲಿ ಎಲ್ಲರಿಗೂ ಹೀಗೇ ಅವಸರ.”

“ಇರಿ, ಕೈ ತೊಳ್ಕೊಂಡು ಬರ್ತೀನಿ.”

“ಏನೂ ಬೇಡ,” ಅಂದು ಅವಳು ಆ ಗ್ರೀಸಿನ ಕೈಯನ್ನೇ ಹಿಡಿದುಕೊಂಡಳು. “ಹೀಗೇ ಬನ್ನಿ.”