ಎಸ್ ಅಕ್ಷರಕ್ಕೆ ಬೆಂಕಿ

ಹಿತ್ತಲಿನ ಕಬ್ಬಿಣದ ಪೀಪಾಯಿಯಿಂದ ಇನ್ನೂ ಹೊಗೆ ಏಳುತ್ತಿತ್ತು. ಸೋಮವಾರ ಬೆಳಿಗ್ಗೆ ನಿಘಂಟು ಕಚೇರಿಗೆ ಬಂದವರು ಮೊದಲು ಆ ಹೊಗೆಯನ್ನು ಕಂಡರು. ಆಮೇಲೆ ಮಹಡಿಯಲ್ಲಿ, ಗೋಡೆಯುದ್ದದ ಮರದ ಕಪಾಟಿನ ನಡುವೆ, ಹಲ್ಲುದುರಿದ ಬಾಯಿಯಂಥ ಒಂದು ಸಂದನ್ನು ಕಂಡರು. ಎಸ್ ಅಕ್ಷರದ ಖಾನೆ ಅಲ್ಲಿರಲಿಲ್ಲ.

ಆ ಖಾನೆಯಲ್ಲಿ ಇದ್ದದ್ದು ಎಸ್‌ನಿಂದ ಆರಂಭವಾಗುವ ಇಂಗ್ಲಿಷ್ ನಾಮಪದಗಳು. ಪದಕ್ಕೊಂದು ಚೀಟಿ; ಚೀಟಿಯ ಮೇಲೆ ನೇರಳೆ ಶಾಯಿಯಲ್ಲಿ ನಮ್ಮ ಭಾಷೆಯ ಅರ್ಥ. ಒಬ್ಬ ಹೆಂಗಸು ಕೂದಲು ಕಪ್ಪಗಿದ್ದಾಗ ಕೈಗೆತ್ತಿಕೊಂಡು, ನರೆತ ಮೇಲೆ ಮುಗಿಸಿದ ಕೆಲಸ. ಕಚೇರಿಯವರು ಆಕೆಯನ್ನು ಎಸ್ ಅಕ್ಕ ಎಂದೇ ಕರೆಯುತ್ತಿದ್ದರು.

ಇನ್ಸ್‌ಪೆಕ್ಟರಮ್ಮ ಬರುವಷ್ಟರಲ್ಲಿ ತೀರ್ಪು ಆಗಿಹೋಗಿತ್ತು.

"ಗುಡಿಸೋವಳದ್ದೇ ಕೆಲಸ," ಎಂದರು ಪ್ರಧಾನ ಸಂಪಾದಕರು. ದೊಡ್ಡ ಗ್ರಂಥಾಲಯವೊಂದರಲ್ಲಿ ಸರ್ವೀಸು ಮುಗಿಸಿ ಕಳೆದ ವರ್ಷವಷ್ಟೇ ಈ ಕುರ್ಚಿಗೆ ಬಂದವರು. "ಭಾನುವಾರ ಮೆಟ್ಟಿಲು ತೊಳೆಯೋಕೆ ಬರ್ತಾಳೆ. ಬೀಗದ ಕೈ ಅವಳ ಹತ್ತಿರ ಇದೆ. ಶನಿವಾರ ನಾನು ಬೈದಿದ್ದೆ, ಸೇಡು ತೀರಿಸ್ಕೊಂಡಿದ್ದಾಳೆ. ಇದರಲ್ಲಿ ತನಿಖೆ ಮಾಡೋದು ಏನಿದೆ ಮೇಡಂ?"

"ಬೀಗದ ಕೈ ಇನ್ಯಾರ ಹತ್ತಿರ ಇದೆ?"

"ನನ್ನ ಹತ್ತಿರ. ಕರಡು ತಿದ್ದೋನ ಹತ್ತಿರ."

"ಎಸ್ ಅಕ್ಕನ ಹತ್ತಿರ?"

"ಅವರಿಗ್ಯಾಕೆ?"

ಆ 'ಯಾಕೆ' ಇನ್ಸ್‌ಪೆಕ್ಟರಮ್ಮನಿಗೆ ಚುಚ್ಚಿತು. ಅಷ್ಟರಲ್ಲಿ ಮೇಲಧಿಕಾರಿಯ ಫೋನು ಬಂತು. ಸಂಪಾದಕರು ಅವರ ಹಳೆಯ ಪರಿಚಯ. ಗುಡಿಸುವವಳನ್ನು ಹಿಡಿಯಿರಿ, ಸಂಜೆಯೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಿ, ಜೈಲಿಗೆ ಕಳಿಸಿ. ಮಾತು ಮುಗಿಯಿತು. ಬೀದಿಗೆ ಬೀದಿಯೇ ನೋಡುತ್ತಿರುವಾಗ ಗುಡಿಸುವಾಕೆಯ ಕೈಗೆ ಕೋಳ ಹಾಕಿ, ಅವಳ ಮನೆ ಬಾಗಿಲಲ್ಲೇ ಜೀಪು ಹತ್ತಿಸಿದ್ದಾಯಿತು.

*

"ಫಿನಾಯಿಲ್ ನೀರಲ್ಲಿ ಮೆಟ್ಟಿಲು ತೊಳೆದೆ. ಒಣಗಲಿ ಅಂತ ಬಿಟ್ಟು ಮನೆಗೆ ಬಂದೆ. ಅಷ್ಟೇ," ಎಂದಳು ಗುಡಿಸುವಾಕೆ. ಠಾಣೆಯ ಬೆಂಚಿನ ಮೇಲೆ ಕೂರಲೂ ಒಪ್ಪದೆ ನಿಂತೇ ಇದ್ದಳು.

"ಬೈದಿದ್ದಕ್ಕೆ ಸಿಟ್ಟು ಬರಲಿಲ್ವಾ?"

"ಬೈದೋರ ಮೇಲೆಲ್ಲ ಸೇಡು ತೀರಿಸ್ಕೊಳ್ಳೋಕೆ ಹೊರಟ್ರೆ ನಂಗೆ ಗುಡಿಸೋಕೆ ಪುರುಸೊತ್ತೆಲ್ಲಿ ಸಿಗುತ್ತಮ್ಮಾ?"

ದಫೇದಾರ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.

"ಇಂಗ್ಲಿಷ್ ಓದೋಕೆ ಬರುತ್ತಾ?"

"ಬಂದಿದ್ರೆ ನಿಮ್ಮ ಕಾಗದಕ್ಕೆ ಹೆಬ್ಬೆಟ್ಟು ಯಾಕೆ ಒತ್ತಿಸ್ಕೊಂಡ್ರಿ? ನನ್ನ ಮಗಳು ಬಾಗಿಲಲ್ಲೇ ನಿಂತಿದ್ಲು. ಅವಳೆದುರಿಗೇ ರಟ್ಟೆ ಹಿಡಿದ್ರಿ. ಈಗ ಓದು ಬರುತ್ತಾ ಅಂತೀರಿ!"

ಇನ್ಸ್‌ಪೆಕ್ಟರಮ್ಮ ಕಾಗದ ಮಡಚಿ ಎದ್ದರು. ಸಿಟ್ಟು ಬಂದಿತ್ತು. ಅದರಲ್ಲಿ ಅರ್ಧ ಪಾಲು ತನ್ನ ಮೇಲೆಯೇ.

*

ಕರಡು ತಿದ್ದುವವನು ಮೊದಲ ಪ್ರಶ್ನೆಗೇ ಬೆವರಿದ. ಎಸ್ ಅಕ್ಕನಿಗೂ ಅವನಿಗೂ ಎಣ್ಣೆ ಸೀಗೆಕಾಯಿಯ ಸಂಬಂಧ ಎಂದು ಕಚೇರಿಯೆಲ್ಲ ಹೇಳಿತ್ತು.

"ಭಾನುವಾರ ಎಲ್ಲಿದ್ರಿ?"

"ಮನೇಲಿ."

"ನಿಮ್ಮ ಹೆಂಡತಿ ಇಲ್ಲ ಅಂತಾರೆ."

ಅವನು ಕುಸಿದು ಕೂತ. "ಇನ್ನೊಂದು ಮುದ್ರಣಾಲಯದಲ್ಲಿ ಕದ್ದು ಕೆಲಸ ಮಾಡ್ತಿದ್ದೆ ಮೇಡಂ. ಇಲ್ಲಿ ಗೊತ್ತಾದ್ರೆ ಮನೆಗೆ ಕಳಿಸ್ತಾರೆ. ಅಕ್ಕ ನನ್ನ ಜೀವ ತಿಂದಿದ್ದು ನಿಜ. ಆದ್ರೆ ಸುಡೋದೇ ಆಗಿದ್ರೆ ಅವರ ಕೆಂಪು ಪೆನ್ನು ಸುಡ್ತಿದ್ದೆ, ಚೀಟಿ ಯಾಕೆ ಸುಡಲಿ? ಅದನ್ನ ಜೋಡಿಸೋದು ಕಲಿಸಿದ್ದೇ ಅವರು."

ಮುದ್ರಣಾಲಯದ ಮಾಲೀಕ ಹೌದೆಂದ. ದಿನವಿಡೀ ತನ್ನ ಕಣ್ಣೆದುರಿಗೇ ಇದ್ದನಂತೆ. ಆ ದಾರಿ ಅಲ್ಲಿಗೇ ಮುಗಿಯಿತು. ಗೋಡೆ ಗಡಿಯಾರ ಮಾತ್ರ ಮುಂದೆ ಓಡುತ್ತಿತ್ತು.

*

"ಪೀಪಾಯಿ ಬಗ್ಗಿಸು," ಎಂದರು ಇನ್ಸ್‌ಪೆಕ್ಟರಮ್ಮ, ಎಸ್ ಅಕ್ಕನ ಜೊತೆ ಕಚೇರಿಯ ಹಿತ್ತಲಿಗೆ ಬಂದು.

ದಫೇದಾರ ಬಗ್ಗಿಸಿದ. ಖಾನೆಯ ಹಲಗೆ ಸುಟ್ಟ ಬೂದಿಯ ಜೊತೆಗೆ ಇಟ್ಟಿಗೆಯಂಥ ಕಟ್ಟುಗಳು ಉರುಳಿದವು. ಒತ್ತೊತ್ತಾಗಿ ದಾರ ಸುತ್ತಿದ ಚೀಟಿಗಳು. ಅಂಚುಗಳು ಕರಕಲಾಗಿದ್ದವು, ಉಸಿರಾಡಲು ಗಾಳಿಯಿಲ್ಲದೆ ಬೆಂಕಿ ಒಳಗೆ ಹೋಗದೆಯೇ ಸತ್ತಿತ್ತು. ಬಿಡಿಸಿದರೆ ನೇರಳೆ ಅಕ್ಷರಗಳು ಕಣ್ಣು ಬಿಟ್ಟವು. ಎಸ್ ಅಕ್ಕ ನೆಲದ ಮೇಲೆ ಕೂತು ಅವುಗಳನ್ನು ಮಡಿಲಿಗೆ ಎಳೆದುಕೊಂಡರು.

ಇನ್ಸ್‌ಪೆಕ್ಟರಮ್ಮ ಒಂದು ಚೀಟಿ ಎತ್ತಿ ಓದಿದರು. ಸ್ವೀಪರ್: ನೆಲ ಗುಡಿಸುವವಳು. 'ವಳು' ಹೊಡೆದು 'ವರು' ಎಂದು ತಿದ್ದಿತ್ತು. ಚೀಟಿಯ ಮೂಲೆಯಲ್ಲಿ ಶಾಯಿ ಹರಡಿತ್ತು. ಮೂಸಿದರು. ಹೊಗೆಯ ಅಡಿಯಲ್ಲಿ ಫಿನಾಯಿಲ್.

ಒಂದರ ಕೆಳಗೊಂದು ಮಗುಚುತ್ತ ಹೋದರು. ಇಲ್ಲೊಂದು ಒದ್ದೆಯಾಗಿ ಒಣಗಿದ್ದು. ಹತ್ತಾರು ಒಣ ಚೀಟಿ. ಮತ್ತೊಂದು ಒದ್ದೆಯದು. ಮತ್ತೆ ಒಣ ಚೀಟಿ.

"ಖಾನೆ ಹಾಗೇ ನೀರಿಗೆ ಬಿದ್ದಿದ್ರೆ ಒಂದು ಮಗ್ಗುಲು ಪೂರ್ತಿ ನೆನೀಬೇಕಿತ್ತು," ಎಂದರು. "ಹೀಗೆ ಚದುರಿದ ಕಲೆ ಹೇಗೆ ಬಂತು? ತೊಳೆದ ಮೆಟ್ಟಿಲ ಮೇಲೆ ಯಾರೋ ಜಾರಿದ್ದಾರೆ. ಚೀಟಿಗಳೆಲ್ಲ ಚೆಲ್ಲಾಪಿಲ್ಲಿ ಆಗಿವೆ. ಆದ್ರೆ ಅಕ್ಕಾ, ಈಗ ಕಟ್ಟಿನೊಳಗೆ ಅಕ್ಷರಗಳು ಸಾಲಾಗಿವೆಯಲ್ಲ?"

ಎಸ್ ಅಕ್ಕನ ಕೈ ನಿಂತಿತು. "ಸುಡೋದಕ್ಕೆ ಮುಂಚೆ ಜೋಡಿಸಿದ್ದಾರೆ," ಎಂದರು, ನಂಬಲಾಗದೆ.

"ಓದು ಬಾರದೋಳು ಜೋಡಿಸ್ತಾಳಾ?"

"ಜೋಡಿಸಿದ್ದೂ ನಮ್ಮ ಥರ ಅಲ್ಲ." ಅಕ್ಕನ ದನಿ ಗಡುಸಾಯಿತು. "ಎರಡು ಪದ ಸೇರಿ ಆಗಿದ್ದನ್ನ ನಾವು ಒಂದೇ ಪದ ಅಂತ ತಿಳಿದು ಅಕ್ಷರದ ಪ್ರಕಾರ ಇಡ್ತೀವಿ. ಸೀ ಅಂದ್ರೆ ಕಡಲು, ಸೀ ಲೆವೆಲ್ ಅಂದ್ರೆ ಕಡಲ ಮಟ್ಟ. ನಮ್ಮ ಖಾನೆಯಲ್ಲಿ ಇವೆರಡರ ನಡುವೆ ಸೀಲ್ ಅನ್ನೋ ಪ್ರಾಣಿ ಬರಬೇಕು. ಇಲ್ಲಿ ನೋಡಿ. ಕಡಲಿನ ಜೋಡಿಗಳೆಲ್ಲ ಕೋಳಿಮರಿ ಹಾಗೆ ತಾಯಿಯ ಬೆನ್ನಿಗೇ ನಿಂತಿವೆ. ಸೀಲ್ ಅವುಗಳ ಆಚೆ."

"ಹೀಗೆ ಯಾರು ಇಡ್ತಾರೆ?"

ಅಕ್ಕ ಮಹಡಿಯಲ್ಲಿ ಸಂಪಾದಕರ ಕೋಣೆಯ ಕಿಟಕಿಯತ್ತ ನೋಡಿದರು.

*

ಸಂಪಾದಕರನ್ನೂ ಎಸ್ ಅಕ್ಕನನ್ನೂ ಕರಡು ತಿದ್ದುವವನನ್ನೂ ಮೇಜಿನ ಸುತ್ತ ಕೂರಿಸಿ, ಟಿ ಅಕ್ಷರದ ಒಂದಷ್ಟು ಚೀಟಿಗಳನ್ನು ಇನ್ಸ್‌ಪೆಕ್ಟರಮ್ಮ ಮೂರು ಪಾಲು ಮಾಡಿ ಸುರಿದರು. "ಇದರಲ್ಲೂ ಏನಾದ್ರೂ ಕಾಣೆಯಾಗಿದೆಯಾ ನೋಡಬೇಕು. ಮೂವರೂ ಸ್ವಲ್ಪ ಜೋಡಿಸಿ ಕೊಡಿ."

"ನಾನು ಗುಮಾಸ್ತನಲ್ಲ," ಎಂದು ಸಂಪಾದಕರು ಗೊಣಗಿದರು. ಆದರೂ ಚದುರಿದ ಚೀಟಿಗಳು ಎದುರಿಗಿದ್ದವು. ಮಾತು ಮುಗಿಯುವ ಮೊದಲೇ ಬೆರಳುಗಳು ಆಡತೊಡಗಿದವು.

ಅಕ್ಕನ ಸಾಲು: ಟೀ, ಟೀಚರ್, ಟೀ ಗಾರ್ಡನ್. ಕರಡು ತಿದ್ದುವವನದ್ದೂ ಅದೇ ಕ್ರಮ.

ಸಂಪಾದಕರ ಸಾಲು: ಟ್ಯಾಕ್ಸ್, ಟ್ಯಾಕ್ಸ್ ರಿಟರ್ನ್, ಟ್ಯಾಕ್ಸಿ.

"ಜೋಡಿಪದ ತಾಯಿಯ ಬೆನ್ನಿಗೇ ನಿಂತಿದೆ. ಗ್ರಂಥಾಲಯದಲ್ಲಿ ಪಳಗಿದ ಕೈ," ಎಂದರು ಇನ್ಸ್‌ಪೆಕ್ಟರಮ್ಮ. "ಪೀಪಾಯಿಯಲ್ಲಿ ಸಿಕ್ಕ ಕಟ್ಟುಗಳಲ್ಲೂ ಇದೇ ಕೈ. ಭಾನುವಾರ ಆಕೆ ಹೋದ ಮೇಲೆ ಬಂದ್ರಿ. ಖಾನೆ ಹೊತ್ತು ಇಳಿಯೋವಾಗ ಜಾರಿದ್ರಿ. ಒದ್ದೆ ಕಾಗದ ಉರಿಯಲ್ಲ, ಒಣಗಿಸಬೇಕಾಯ್ತು. ಒಣಗೋವರೆಗೆ ಸುಮ್ಮನೆ ಕೂರೋಕೆ ಆಗಲಿಲ್ಲ, ಜೋಡಿಸಿ ದಾರ ಸುತ್ತಿದ್ರಿ."

ಸಂಪಾದಕರು ತಮ್ಮ ಸಾಲನ್ನು ತಟ್ಟನೆ ಕಲಸಿಬಿಟ್ಟರು. ಆ ಅವಸರವೇ ಸಾಕಾಗಿತ್ತು.

"ಯಾಕೆ ಸುಟ್ರಿ?"

"ಯಾಕಂತ ನಾನು ಹೇಳ್ತೀನಿ," ಎಂದು ಎಸ್ ಅಕ್ಕ ಎದ್ದು ನಿಂತರು. "ಟೈಪಾದ ಪ್ರತಿ ಅಚ್ಚಿಗೆ ಹೋಗಿದೆ. ಮುಖಪುಟದಲ್ಲಿ ಇವರದ್ದೊಂದೇ ಹೆಸರು. ನನ್ನ ಕೈಬರಹದ ಚೀಟಿ ನಿಘಂಟು ಸಮಿತಿ ಮುಂದೆ ಇಡ್ತೀನಿ ಅಂತ ಶುಕ್ರವಾರ ಹೇಳಿದ್ದೆ. ಕೈಬರಹ ಬೂದಿಯಾದ್ರೆ ಅರ್ಥ ಬರೆದೋರು ಯಾರು ಅಂತ ಯಾರು ಕೇಳ್ತಾರೆ? ಅಲ್ವಾ ಸ್ವಾಮಿ?"

ಸಂಪಾದಕರು ಕುರ್ಚಿಯಲ್ಲಿ ಕುಗ್ಗಿದರು. "ಕಲಸಿಹೋದ ಚೀಟಿ ಕಂಡ್ರೆ ಕೈ ನಿಲ್ಲಲ್ಲ," ಎಂದರು. "ಸುಡೋಕೇ ಅಂತ ಗೊತ್ತಿದ್ರೂ ನಿಲ್ಲಲಿಲ್ಲ."

"ನಿಮ್ಮ ಕೈ ನಿಲ್ಲಲಿಲ್ಲ. ಅದಕ್ಕೆ ಆಕೆ ಕೈಗೆ ಕೋಳ ಹಾಕಿಸಿದ್ರಿ!" ಇನ್ಸ್‌ಪೆಕ್ಟರಮ್ಮ ಮೇಜಿಗೆ ಗುದ್ದಿದ ರಭಸಕ್ಕೆ ಟಿ ಅಕ್ಷರ ನೆಲಕ್ಕೆ ಹಾರಿತು. "ದಫೇದಾರ್, ಕರ್ಕೊಂಡು ನಡಿ. ಮೇಲಿನವರ ಫೋನ್ ಬಂದ್ರೆ ನಂಗೆ ಕೊಡು."

*

ಠಾಣೆಯಲ್ಲಿ ಗುಡಿಸುವಾಕೆ ಇನ್ನೂ ನಿಂತೇ ಇದ್ದಳು.

"ನಿಮ್ಮ ತಪ್ಪಿಲ್ಲ ಅಂತ ಗೊತ್ತಾಯ್ತು. ಹೋಗಬಹುದು. ಜೀಪಲ್ಲಿ ಮನೆವರೆಗೆ ಬಿಡಿಸ್ತೀನಿ."

"ಗೊತ್ತಾಗಿದ್ದು ಯಾರಿಗೆ? ನಿಮಗೆ," ಎಂದಳು ಆಕೆ. "ಜೀಪಲ್ಲಿ ಹೋದ್ರೆ ನನ್ನ ಬೀದಿಯೋರು ಏನಂತಾರೆ? ಯಾರದೋ ಕಾಲು ಹಿಡಿದು ಬಿಡಿಸ್ಕೊಂಡು ಬಂದ್ಲು ಅಂತಾರೆ. ನೀವೇ ಬನ್ನಿ. ನಡ್ಕೊಂಡು ಬನ್ನಿ. ಮನೆಮನೆ ಮುಂದೆ ನಿಂತು ಹೇಳಿ."

ದಫೇದಾರ ಗದರಲು ಬಾಯಿ ತೆರೆದ. ಇನ್ಸ್‌ಪೆಕ್ಟರಮ್ಮ ಕಣ್ಣಲ್ಲೇ ಅವನ ಬಾಯಿ ಮುಚ್ಚಿಸಿ, ಟೋಪಿ ಸರಿಮಾಡಿಕೊಂಡು ಮೆಟ್ಟಿಲಿಳಿದರು.

ಆಕೆ ಮುಂದೆ ನಡೆದಳು. ಬೀದಿಯ ಮೊದಲ ಮನೆಯೆದುರು ನಿಂತು, ಚಿಲಕವನ್ನು ತಾನೇ ಬಡಿದು, ಪಕ್ಕಕ್ಕೆ ಸರಿದಳು.

"ಹೇಳಿ," ಎಂದಳು.